ಅಣ್ಣನ ಪ್ಲೇಟು, ಅಪ್ಪನ ಕ್ಲಾರ್ನೆಟ್ಟು

ಅಣ್ಣ ಸ್ವೀಡನ್ ದೇಶದಿಂದ ಕಳಿಸಿದ ಗ್ರಾಮಫೋನ್ ಪ್ಲೇಟನ್ನು ನಾನು ಅಪ್ಪನಿಗೆ ಕೇಳಿಸಲಿಲ್ಲ. ಅಪ್ಪನಿಗೆ ಕೇಳಿಸು, ಕೇಳಿ ಏನಂದ ಅಂತ ಬರೆ ಎಂದಷ್ಟೇ ಅವನು ಬೇಡಿದ್ದ. ನಾನು ಕೇಳಿಸದೆಯೇ, "ಅಪ್ಪ ಕೇಳಿದ. ಏನೂ ಅನ್ನಲಿಲ್ಲ" ಎಂದು ವಿಮಾನದ ನೀಲಿ ಕಾಗದದಲ್ಲಿ ಬರೆದು ಅಂಚೆಗೆ ಹಾಕಿದೆ. ಮೂವತ್ತೈದು ವರ್ಷ ಆ ಸುಳ್ಳು ಹಾಗೇ ಉಳಿಯಿತು. ಎರಡು ಸಾವಿರದ ಇಸವಿಯಲ್ಲಿ ನಾನು ಅಮೆರಿಕಕ್ಕೆ ಹೋಗಿಬಂದದ್ದನ್ನು ಬರೆದುಕೊಡಿ ಎಂದು ನಮ್ಮೂರಿನ ಪತ್ರಿಕೆಯವರು ಕೇಳಿದ್ದಾರೆ. ಈ ಮಾತನ್ನು ಬಿಟ್ಟು ಬರೆದರೆ ಬರೀ ಸೇತುವೆ, ರೈಲುಗಳ ವರ್ಣನೆಯಾಗುತ್ತದೆ. ಹಾಗಾಗಿ ಇದನ್ನೇ ಮೊದಲು ಹೇಳಿದ್ದೇನೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮ ಅಪ್ಪ ಚೆಲುವಯ್ಯನ ಬ್ಯಾಂಡ್‌ಸೆಟ್ಟು ಮಂಡ್ಯದ ಹಳಬರಿಗೆ ನೆನಪಿರಬಹುದು. ಹದಿನಾಲ್ಕು ಜನ, ಕೆಂಪು ಕೋಟು, ಎರಡೂ ಪಕ್ಕದಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು. ನಮ್ಮ ಕಸುಬಿನಲ್ಲಿ ಹಾಳೆಯ ಮೇಲೆ ಬರೆದ ಸಂಗೀತ ಇರಲಿಲ್ಲ. ಹೊಸ ಪಿಕ್ಚರ್ ಬಂದ ದಿನ ಅಪ್ಪ ನಮ್ಮಿಬ್ಬರನ್ನು ಮೊದಲ ಆಟಕ್ಕೆ ಕಳಿಸುತ್ತಿದ್ದ. ಪಲ್ಲವಿ ಹಿಡಿಯುವುದು ನನ್ನ ಕೆಲಸ, ಚರಣ ಹಿಡಿಯುವುದು ಅಣ್ಣ ಜವರನ ಕೆಲಸ. ಟಾಕೀಸಿನಿಂದ ಮನೆಯ ತನಕ ಇಬ್ಬರೂ ತುಟಿ ಬಿಚ್ಚದೆ ನಡೆಯಬೇಕು, ಯಾರಾದರೂ ಮಾತಾಡಿಸಿದರೆ ಧಾಟಿ ಉದುರಿಹೋಗುತ್ತದೆ. ಮನೆಯಲ್ಲಿ ಎರಡನ್ನೂ ಕ್ಲಾರ್ನೆಟ್ಟಿನಲ್ಲಿ ಜೋಡಿಸಿದರೆ ಮುಂದಿನ ಮದುವೆಗೆ ಹಾಡು ಸಿದ್ಧ. ನಾನು ಹಿಡಿದ ಪಲ್ಲವಿಯಲ್ಲಿ ಯಾವಾಗಲೂ ಒಂದು ಸ್ವರ ತಪ್ಪಿರುತ್ತಿತ್ತು. "ಜವರನ ಕಿವಿ ನಿಂಗಿಲ್ಲ ಬುಡು," ಅನ್ನುತ್ತಿದ್ದ ಅಪ್ಪ. ಬೈಯುವ ದನಿಯಲ್ಲಲ್ಲ, ಇವತ್ತು ಬಸ್ಸು ತಡ ಎನ್ನುವ ದನಿಯಲ್ಲಿ. ಅದೇ ನನಗೆ ಹೆಚ್ಚು ನಾಟುತ್ತಿತ್ತು.

ಅಣ್ಣ ಅರವತ್ತೊಂದರಲ್ಲಿ ಒಬ್ಬ ಇಂಗ್ಲಿಷ್ ಡಾಕ್ಟರ ಸಂಸಾರದ ಜೊತೆ ಅಡಿಗೆಯವನಾಗಿ ಇಂಗ್ಲೆಂಡಿಗೆ ಹೋದ. ಅಲ್ಲಿಂದ ಮುಂದಿನ ಸುದ್ದಿಯೆಲ್ಲ ಕಾಗದದಲ್ಲಿ ಬಂದದ್ದು: ಕಬ್ಬಿಣ ಎರಕದ ಕಾರ್ಖಾನೆ ಸೇರಿದ, ಗಿಟಾರು ಕಲಿತ, ಅಲ್ಲಿನ ಹುಡುಗರ ಜೊತೆ ಒಂದು ಗುಂಪು ಸೇರಿದ, ಸ್ವೀಡನ್ನಿನಲ್ಲಿ ಹೆಸರಾಯಿತು, ಅಲ್ಲಿಯವಳನ್ನೇ ಮದುವೆಯಾದ. ಪ್ಲೇಟಿನ ವಿಷಯಕ್ಕೆ ನನ್ನ ಉತ್ತರ ತಲುಪಿದ ಮೇಲೆ ಕಾಗದಗಳು ವರ್ಷಕ್ಕೊಂದಾದವು. ಅಪ್ಪ ತೀರಿಕೊಂಡಾಗಲೂ ಅವನು ಬರಲಿಲ್ಲ. ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿತೆಂದು ಅಮೆರಿಕಕ್ಕೆ ಹೋದ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಆಮೇಲೆ ಎರಡು ಸಾವಿರದ ಇಸವಿಯ ಸಂಕ್ರಾಂತಿಯಾದ ಮರುವಾರ, ಎದುರು ಮನೆಯವರ ಫೋನಿಗೆ ಕರೆ ಮಾಡಿದ.

"ಸ್ವೀಡನ್ನಿನೋನೊಬ್ಬ ನಮ್ ಹಳೇ ಪ್ಲೇಟ್ಗಳ್ನೆಲ್ಲ ಸೇರ್ಸಿ ಸೀಡಿ ಮಾಡ್ತಾವ್ನೆ ಕಣ್ಲಾ ಪುಟ್ಟ. ಜೊತೇಲೊಂದು ಪುಸ್ತಕ. ಅವತ್ತು ಕಳಿಸಿದ್ನಲ್ಲ ಪ್ಲೇಟು, ಅದ್ರಲ್ಲಿರೋ ಗ್ಯಾಸ್‌ಲೈಟ್ ಧಾಟಿ ಕೇಳಿ ಅಪ್ಪ ಏನಂದ ಅಂತ ಪುಸ್ತಕದಲ್ಲಿ ಹಾಕ್ಬೇಕಂತೆ. ಪಕ್ಕದಲ್ಲಿದ್ದೋನು ನೀನೇ ತಾನೆ? ಟಿಕೀಟು ಕಳಿಸ್ತೀನಿ, ಬಾ."

ಆಗಲೇ ಹೇಳಿಬಿಡಬಹುದಿತ್ತು. ಎದುರು ಮನೆಯವರು ನಿಂತಿದ್ದಾರೆ ಎಂಬ ನೆವ ಸಾಕಾಯಿತು. ಬರ್ತೀನಿ ಅಂದೆ.

ಮದ್ರಾಸಿನಲ್ಲಿ ವೀಸಾ ಕೊಡುವವರು, ಯಾಕೆ ಹೋಗುತ್ತೀರಿ ಎಂದು ಕೇಳಿದರು. ಅಣ್ಣನನ್ನು ನೋಡಿ ಮೂವತ್ತೊಂಬತ್ತು ವರ್ಷವಾಯಿತು ಎಂದೆ. ಆ ಹೆಂಗಸು ತಲೆ ಎತ್ತಿ ನೋಡಿ ಮುದ್ರೆ ಒತ್ತಿದಳು. ಏಪ್ರಿಲ್ ಎರಡನೆಯ ವಾರ ಮದ್ರಾಸಿನಿಂದ ಹೊರಟು, ಸಿಂಗಪುರದಲ್ಲಿ ವಿಮಾನ ಬದಲಿಸಿ, ಹಾಂಗ್‌ಕಾಂಗ್‌ನಲ್ಲಿ ಒಂದು ಗಂಟೆ ಕೂತು, ಒಟ್ಟು ಇಪ್ಪತ್ತಾರು ಗಂಟೆಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದೆ. ಕಾಲು ಊದಿ ಚಪ್ಪಲಿಗೆ ಸೇರಲಿಲ್ಲ. ಮಡಿಲಲ್ಲಿ ಅಪ್ಪನ ಕ್ಲಾರ್ನೆಟ್ ಪೆಟ್ಟಿಗೆ ಇತ್ತು. ಸುಂಕದ ಅಧಿಕಾರಿ ಅದನ್ನು ಬಿಚ್ಚಿಸಿ, ಇದು ಏನು ಎಂದು ಸನ್ನೆಯಲ್ಲಿ ಕೇಳಿದ. ನಾನು ತುಂಡುಗಳನ್ನು ಜೋಡಿಸಿ, ಬಾಯಿಗಿಡುವ ತುದಿಯ ರೀಡು ನೆನೆಸಿ, ವರನನ್ನು ಎದುರುಗೊಳ್ಳುವ ಧಾಟಿಯ ನಾಲ್ಕು ಸ್ವರ ಊದಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಹೊರಗೆ, ಬಾಗಿಲಿನ ಆಚೆ ಕಾಯುತ್ತಿದ್ದ ಅಣ್ಣನಿಗೆ ಅದನ್ನು ಕೇಳಿಯೇ ನಾನು ಬಂದದ್ದು ತಿಳಿಯಿತಂತೆ.

"ಬಂದ್ಯೇನ್ಲಾ? ರೀಡು ಬದಲಾಯಿಸ್ಬೇಕು," ಅಂದ. ಅಷ್ಟು ವರ್ಷಗಳ ಮೇಲೆ ಅಣ್ಣ ನನ್ನೆದುರು ಆಡಿದ ಮೊದಲ ಮಾತು ಅದು. ಅವನಿಗೆ ಐವತ್ತೊಂಬತ್ತು, ಕೂದಲೆಲ್ಲ ಬೆಳ್ಳಗೆ, ಅಪ್ಪನದೇ ನಡಿಗೆ.

ಅವನ ಹಳೆಯ ವ್ಯಾನಿನಲ್ಲಿ ಕೂತು ಹೊರಟೆವು. ಫ್ರೀವೇ ಪಕ್ಕದ ದೊಡ್ಡ ಬೋರ್ಡುಗಳ ಮೇಲೆಲ್ಲ ಯಾವುದೋ ಹೆಸರು, ಕೊನೆಗೆ ಡಾಟ್ ಕಾಮ್. ಏನು ಮಾರುತ್ತಾರೆ ಇವರು ಎಂದು ಕೇಳಿದೆ. ಅದು ಅವರಿಗೂ ಇನ್ನೂ ಗೊತ್ತಾಗಿಲ್ಲ ಎಂದ. ಕೊಲ್ಲಿಯ ಮೇಲೆ ಹಾಸಿದ ಉದ್ದ ಸೇತುವೆ ದಾಟಲು ಕಾಲು ಗಂಟೆ ಹಿಡಿಯಿತು. ನೀರು ಕೆರೆಯ ಹಾಗೆ ಸುಮ್ಮನಿತ್ತು. ಬಿಸಿಲಿದ್ದರೂ ಗಾಳಿ ತಣ್ಣಗೆ, ಸ್ವೆಟರು ಬೇಕಾಯಿತು.

ಅವನ ಮನೆ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟು. ಅತ್ತಿಗೆ ಬ್ರಿಟ್ಟಾ ಬಾಗಿಲಲ್ಲೇ ನಿಂತು ಕೈ ಮುಗಿದು, ಒಂದು ದೊಡ್ಡ ಬಟ್ಟಲು ಕಾಫಿ ಕೊಟ್ಟಳು. ಕಾಫಿಯ ವಿಷಯದಲ್ಲಿ ಸ್ವೀಡನ್ನಿನವರು ನಮ್ಮವರನ್ನು ಮೀರಿಸುತ್ತಾರೆ, ಆದರೆ ಹಾಲು ಹಾಕುವುದಿಲ್ಲ. ಮಧ್ಯಾಹ್ನಕ್ಕೆ ಅಣ್ಣ ತಾನೇ ಮುದ್ದೆ ತೊಳಸಿ ಬಸ್ಸಾರು ಮಾಡಿದ. ಅತ್ತಿಗೆ ಮುದ್ದೆಯನ್ನು ಅಗಿಯುತ್ತಾ ಕೂತಳು. ಮೂವತ್ತು ವರ್ಷದಿಂದ ನುಂಗಲು ಹೇಳಿಕೊಡುತ್ತಿದ್ದೇನೆ, ಇವಳ ಹಲ್ಲು ಮಾತು ಕೇಳುವುದಿಲ್ಲ ಎಂದು ಅಣ್ಣ ದೂರಿದ. ಅವಳಿಗೆ ಅರ್ಥವಾಗದಿದ್ದರೂ ತನ್ನ ಮೇಲಿನ ದೂರೇ ಎಂದು ತಿಳಿದು ನಕ್ಕಳು.

ಪಕ್ಕದ ಮನೆಯಲ್ಲಿ ಹಾಸನದ ಕಡೆಯ ಸುಧಾ ಎಂಬ ಹೆಣ್ಣುಮಗಳು, ಗಂಡ, ಮಗಳು. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಆಫೀಸಿಗೆ ಹೋಗುವವರು. ನಮ್ಮ ಮಾತು ಕೇಳಿಸಿ ಬಾಗಿಲಿಗೆ ಬಂದಳು. "ನಿಮ್ಮಣ್ಣ ಮಾತಾಡಿದ್ರೆ ನಮ್ಮಜ್ಜಿ ಎದ್ದು ಬಂದಂಗಾಗುತ್ತೆ ಅಂಕಲ್. ನಮ್ಮನೇಲಿ ಹಿಂಗೆ ಯಾರೂ ಮಾತಾಡಲ್ಲ ಈಗ," ಅಂದಳು. ನಿಜ. ಅಣ್ಣನ ಬಾಯಲ್ಲಿ ಅರವತ್ತೊಂದರ ಮಂಡ್ಯ ಹಾಗೇ ನಿಂತಿತ್ತು. ನಾವು ಬಿಟ್ಟ ಮಾತುಗಳೆಲ್ಲ ಅವನಲ್ಲಿ ಇದ್ದವು. ಮಾತಾಡಲು ಜನ ಸಿಗದೆ ಅವು ಸವೆದಿರಲಿಲ್ಲ.

ಮೂರನೆಯ ದಿನ ಅವನ ಅಂಗಡಿ ನೋಡಲು ಓಕ್ಲ್ಯಾಂಡಿಗೆ ಹೋದೆವು. ವ್ಯಾನ್ ಬಿಟ್ಟು ರೈಲಿನಲ್ಲಿ ಹೋಗೋಣ, ನೀನು ನೋಡಬೇಕು ಎಂದ. ಯೂನಿಯನ್ ಸಿಟಿಯಿಂದ ಅರ್ಧ ಗಂಟೆಯ ದಾರಿ, ಟಿಕೀಟು ಎರಡೂವರೆ ಡಾಲರಿನ ಆಸುಪಾಸು. ಗೇಟಿನ ಯಂತ್ರ ಟಿಕೀಟನ್ನು ನುಂಗಿ ಆಚೆ ಕಡೆ ಉಗುಳುತ್ತದೆ. ನಾನು ಎರಡು ಸಲ ಎಡವಿದೆ. ಓಕ್ಲ್ಯಾಂಡಿನ ಬಂದರಿನಲ್ಲಿ ಹಡಗಿನಿಂದ ಪೆಟ್ಟಿಗೆ ಎತ್ತುವ ಕ್ರೇನುಗಳು ಕುದುರೆಗಳಂತೆ ಸಾಲಾಗಿ ನಿಂತಿದ್ದವು.

ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ. ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಈಗ ಗಿರಾಕಿಗಳು ಹೆಚ್ಚು ಎಂದ. ಶೇರು ಏರಿ ಹಣ ಬಂದ ಹುಡುಗರು ಹಳೆಯ ದುಬಾರಿ ಗಿಟಾರು, ಆಂಪ್ಲಿಫೈಯರು ಕೊಂಡು, ಬಾರಿಸಲು ಬರದೆ, ಕೆಟ್ಟಿದೆ ಎಂದು ತಂದು ಕೊಡುತ್ತಾರಂತೆ. ಬಹಳ ಸಲ ಏನೂ ಕೆಟ್ಟಿರುವುದಿಲ್ಲ. ಧೂಳು ಒರೆಸಿ ವಾಪಸ್ಸು ಕೊಡುತ್ತಾನೆ.

ಅಲ್ಲಿ ಸ್ಟೂಲಿನ ಮೇಲೆ ಕೂತು ಅವನ ಗುಂಪಿನ ಕಥೆಯನ್ನು ಮೊದಲ ಸಲ ಪೂರ್ತಿ ಕೇಳಿದೆ. ಅದರ ಹೆಸರು ದಿ ಫರ್ನೇಸ್‌ಮೆನ್, ಕುಲುಮೆಯವರು ಅಂತ. ನಾಲ್ವರೂ ಒಂದೇ ಎರಕದ ಕಾರ್ಖಾನೆಯವರು. ಮೂರು ಗಿಟಾರು, ಒಂದು ಡ್ರಮ್ಮು, ಹಾಡುವವರಿಲ್ಲ. ಇವನ ಹೆಸರನ್ನು ಜಾರ್ವಿಸ್ ಎಂದು ಮಾಡಿದ್ದರು. ಹಾಡುವ ಗುಂಪಾಗಿದ್ದರೆ ನನ್ನನ್ನು ಯಾರು ಸೇರಿಸಿಕೊಳ್ಳುತ್ತಿದ್ದರು ಎಂದ. ಇಂಗ್ಲೆಂಡಿನಲ್ಲಿ ಅವರ ಪ್ಲೇಟು ಮಾರಾಟವಾಗಲೇ ಇಲ್ಲ. ಅಷ್ಟರಲ್ಲಿ ಹಾಡುವ ಗುಂಪುಗಳ ಕಾಲ ಬಂದಿತ್ತು. ಒಬ್ಬ ಏಜೆಂಟು ಎರಡು ವಾರಕ್ಕೆಂದು ಸ್ವೀಡನ್ನಿಗೆ ಕಳಿಸಿದ. ನಾಲ್ಕು ವರ್ಷ ಅಲ್ಲೇ ಉಳಿದರು, ನಡುವೆ ನಾರ್ವೆ, ಫಿನ್ಲೆಂಡು. ಅಲ್ಲಿ ಊರೂರಿಗೂ ಜನ ಸೇರಿ ಕುಣಿಯುವ ತೋಪುಗಳಿವೆ, ಹಲಗೆ ಹಾಸಿದ ಬಯಲು. ಬೇಸಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲ. ದಿನಕ್ಕೆರಡು ಊರು. ಮಾತಿಲ್ಲದ, ಸ್ವಲ್ಪ ಅಳುವ ದನಿಯ ಧಾಟಿ ಅಲ್ಲಿಯವರಿಗೆ ಬೇಕಿತ್ತು. ಅಂಗಡಿಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಒಂದೇ ಥರದ ಕೋಟು ತೊಟ್ಟ ನಾಲ್ವರು, ಎದುರಿಗೆ ಕಣ್ಣು ಹಾಯುವಷ್ಟೂ ಜನ. ಕೋಟು ಕೆಂಪು. ಬಣ್ಣ ಆರಿಸಿದವನು ತಾನೇ ಎಂದ.

ಅಲ್ಲಿ ಹೆಸರಾದದ್ದು ಮುಖ್ಯವಾಗಿ ಗ್ಯಾಸ್‌ಲೈಟ್ ಎಂಬ ಧಾಟಿಯಿಂದ. ಅಣ್ಣ ಕಟ್ಟಿದ್ದು. ಸದ್ದನ್ನು ಮರಳಿ ಕೊಡುವ ಒಂದು ಪೆಟ್ಟಿಗೆ ಅವರ ಹತ್ತಿರ ಇತ್ತು. ಅದರ ಗುಂಡಿಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಒಂದು ದಿನ ಪೇಟೆ ಬೀದಿಯ ಸದ್ದು ಸಿಕ್ಕಿತಂತೆ. ನಮ್ಮ ಪೇಟೆ ಬೀದಿ ಇಕ್ಕಟ್ಟು. ಬ್ಯಾಂಡು ಅದರೊಳಗೆ ತಿರುಗಿದರೆ ಎರಡೂ ಕಡೆಯ ಗೋಡೆ ನಮ್ಮ ಸ್ವರವನ್ನು ಒಂದು ಕ್ಷಣ ತಡೆದು ಹಿಂದಕ್ಕೆ ಕೊಡುತ್ತದೆ. ಮುಂದೆ ನಡೆಯುವ ಅಪ್ಪ ಅದಕ್ಕಾಗಿಯೇ ಅಲ್ಲಿ ಹೆಜ್ಜೆ ನಿಧಾನ ಮಾಡುತ್ತಿದ್ದ. "ಆ ಸದ್ದ ಅಪ್ಪಂಗೆ ಕಳಿಸಿದ್ದೆ ಕಣ್ಲಾ," ಅಂದ ಅಣ್ಣ, ಬೆಸುಗೆ ಹಾಕುತ್ತಲೇ. ನಾನು ಗೋಡೆಯ ಫೋಟೋ ನೋಡುತ್ತಾ ಕೂತೆ.

ಭಾನುವಾರ ಸ್ವೀಡನ್ನಿನವನು ಬಂದ. ಹೆಸರು ಓವೆ, ಅವರ ದೇಶದಲ್ಲಿ ಅಂಚೆ ಹಂಚುವವನು, ಐವತ್ತು ದಾಟಿದವನು. ಹದಿನೇಳರಲ್ಲಿ ಅಣ್ಣನ ಗುಂಪಿನ ಎದುರು ಕುಣಿದವನಂತೆ. ಇಂಟರ್ನೆಟ್ಟಿನಲ್ಲಿ ಆ ಗುಂಪಿಗೆಂದು ಒಂದು ಪುಟ ಮಾಡಿ, ಅದರ ಮೂಲಕವೇ ಅಣ್ಣನನ್ನು ಹುಡುಕಿದ್ದ. ಇಡೀ ದೇಶದ ಹಳಬರು ಆ ಪುಟಕ್ಕೆ ಬರೆಯುತ್ತಾರಂತೆ. ಅವನು ಊಟದ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಮೊದಲು ಪ್ಲೇಟನ್ನು ಹಾಕಿದ. ಮೂವತ್ತೈದು ವರ್ಷಗಳ ಮೇಲೆ ನಾನು ಅದನ್ನು ಕೇಳಿದೆ. ಗಿಟಾರಿನಲ್ಲಿ ಪೇಟೆ ಬೀದಿ ಬಂತು. ತನ್ನ ಮದುವೆಯಲ್ಲಿ ಇದನ್ನೇ ಹಾಕಿದ್ದರು ಎಂದು ಓವೆ ಹೇಳಿದನಂತೆ. ಇದು ನಮ್ಮ ಮದುವೆ ಮೆರವಣಿಗೆಯ ಸದ್ದಿನಿಂದ ಹುಟ್ಟಿದ್ದು ಎಂದು ಅವನಿಗೆ ಅವತ್ತೇ ಗೊತ್ತಾದದ್ದು.

ಪ್ಲೇಟು ನಿಂತಿತು. ಓವೆ ನನ್ನ ಕಡೆ ತಿರುಗಿ ಏನೋ ಕೇಳಿದ. ನನಗೆ ಇಂಗ್ಲಿಷ್ ಬಾರದು, ಅಣ್ಣನೇ ದುಭಾಷಿ.

"ಇದ್ನ ಕೇಳಿ ಅಪ್ಪ ಏನಂದ ಅಂತ ಕೇಳ್ತಾವ್ನೆ," ಅಂದ. ಆಮೇಲೆ ದನಿ ತಗ್ಗಿಸಿ, "ಏನೂ ಅನ್ಲಿಲ್ಲ ಅಂತ ಬರ್ದಿದ್ದೆ ನೀನು. ಮೊಖ ಹೆಂಗಿತ್ತು? ಅದ್ನಾರ ಹೇಳು."

ಮೊಖ ಹೆಂಗಿತ್ತು ಎಂದು ಮೂವತ್ತೈದು ವರ್ಷ ಅವನು ಯೋಚಿಸಿದ್ದಾನೆ ಎಂದು ನನಗೆ ಆಗ ತಿಳಿಯಿತು.

"ನಾನು ಕೇಳಿಸ್ಲೇ ಇಲ್ಲ ಅಣ್ಣ," ಅಂದೆ.

ಉಳಿದದ್ದನ್ನೂ ಹೇಳಿದೆ. ಪ್ಲೇಟು ಬಂದ ದಿನ ನಾನೊಬ್ಬನೇ ರೇಡಿಯೋ ಅಂಗಡಿಗೆ ಒಯ್ದು ನಾಲ್ಕು ಸಲ ಹಾಕಿಸಿ ಕೇಳಿದೆ. ಮೊದಲ ಸಲಕ್ಕೇ ಗೊತ್ತಾಯಿತು, ಇಂಥದ್ದು ನನ್ನಿಂದ ಆಗುವುದಿಲ್ಲ ಎಂದು. ಅಂಗಡಿಯಿಂದ ಮನೆಯ ತನಕ ಅಭ್ಯಾಸದಂತೆ ತುಟಿ ಬಿಚ್ಚದೆ ನಡೆದೆ. ಪಲ್ಲವಿ, ಚರಣ ಎರಡನ್ನೂ ಒಬ್ಬನೇ ಹಿಡಿದಿದ್ದೆ. ಕೇಳಿದ ಧಾಟಿಯನ್ನು ಎತ್ತಿಕೊಳ್ಳುವುದು ನಮ್ಮ ಕಸುಬು, ಯಾರ ಸೊತ್ತು ಎಂದು ನಾವು ಯಾವತ್ತೂ ಕೇಳಿದವರಲ್ಲ. ಬ್ಯಾಂಡಿನವರಿಗೆ ಕಲಿಸಿದೆ. ವಾರದೊಳಗೆ ಒಂದು ಮೆರವಣಿಗೆಯಲ್ಲಿ, ಪೇಟೆ ಬೀದಿಯಲ್ಲೇ ಬಾರಿಸಿದೆವು. ಅಪ್ಪನಿಗೆ ಆಗಲೇ ಉಸಿರು ಸಾಲುತ್ತಿರಲಿಲ್ಲ. ಒಂದು ಮನೆಯ ಜಗಲಿಯ ಮೇಲೆ ಕೂತಿದ್ದ. ಕೈ ಎತ್ತಿ ಬ್ಯಾಂಡು ನಿಲ್ಲಿಸಿ ಇನ್ನೊಂದು ಸಲ ಬಾರಿಸಿ ಎಂದ. ಆಮೇಲೆ ಯಾವ ಪಿಕ್ಚರಿನದು ಎಂದು ಕೇಳಿದ. ಪಿಕ್ಚರಿನದಲ್ಲ ಎಂದೆ.

"ಈ ಬೀದಿ ಗೋಡೆ ಗೊತ್ತಿರೋನೇ ಕಟ್ಟವ್ನೆ ಇದ್ನ," ಅಂದ ಅಪ್ಪ.

ಆಗ ನಾನು, "ನಂದೇ ಅಪ್ಪ," ಅಂದುಬಿಟ್ಟೆ. ಮಾರನೆಯ ದಿನ ಅವನು ತನ್ನ ಕ್ಲಾರ್ನೆಟ್ಟನ್ನು ನನ್ನ ಕೈಗೆ ಕೊಟ್ಟ. ಪ್ಲೇಟನ್ನು ನಾನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ.

ಇಷ್ಟು ಹೇಳಿ ಮುಗಿಸಿದೆ. ಟೇಪು ಸುತ್ತುತ್ತಿತ್ತು. ಓವೆ ಅಣ್ಣನನ್ನು ನೋಡಿದ. ಅತ್ತಿಗೆ ಮೂರು ಬಟ್ಟಲಿಗೂ ಕಾಫಿ ತುಂಬಿಸಿ ಅಣ್ಣನ ಹೆಗಲ ಮೇಲೆ ಕೈ ಇಟ್ಟಳು. ಅಣ್ಣ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಹೇಳಿದ. ಓವೆ ಖುಷಿಯಿಂದ ಬರೆದುಕೊಂಡ. ಎದ್ದು ಬಂದು ನನ್ನ ಕೈ ಕುಲುಕಿದ. ಏನಂದೆ ಎಂದು ಅಣ್ಣನನ್ನು ಕೇಳಿದೆ.

"ಈ ಧಾಟಿ ಕಟ್ಟಿದೋನಿಗೆ ನಮ್ ಬೀದಿ ಗೋಡೆ ಗೊತ್ತೈತೆ ಅಂತ ಅಪ್ಪ ಅಂದ, ಅಂದೆ. ಅಂದಿದ್ದಷ್ಟೇ ತಾನೆ?"

ನನ್ನ ವಿಷಯ ಒಂದು ಅಕ್ಷರ ಹೇಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಎರಡು ದಿನ ಅವನು ನನ್ನನ್ನು ಕರೆಯದೆ ಅಂಗಡಿಗೆ ಹೋದ. ನಾನು ಯೂನಿಯನ್ ಸಿಟಿಯ ರಸ್ತೆಗಳಲ್ಲಿ ನಡೆದೆ. ಎಲ್ಲ ಮನೆಯೂ ಒಂದೇ ಥರ, ಹಗಲಲ್ಲಿ ಬೀದಿಯಲ್ಲಿ ಒಬ್ಬರೂ ಇಲ್ಲ, ಮಕ್ಕಳೆಲ್ಲ ಡೇಕೇರಿನಲ್ಲಿ. ಸುಧಾ ರಜೆ ಹಾಕಿದ್ದಳು, ಕಾರಿನಲ್ಲಿ ಗ್ರೋಸರಿ ಅಂಗಡಿಗೆ ಕರೆದೊಯ್ದಳು. ಅಂಗಡಿಯವರು ಮೈಸೂರಿನ ಸಾಬರು. ಮಂಡ್ಯದವನು ಎಂದು ಕೇಳಿ ರಾಗಿಹಿಟ್ಟಿನ ಜೊತೆ ಒಂದು ಅಚ್ಚು ಬೆಲ್ಲ ಇಟ್ಟರು. ಎಷ್ಟು ದಿನಕ್ಕೆ ಬಂದಿರಿ, ಸೇತುವೆ ನೋಡಿದಿರಾ ಎಂದು ಕೇಳಿದರು. ಅವರು ಕೇಳಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಹೆಸರಾಂತ ಕೆಂಪು ಸೇತುವೆಯನ್ನು, ಅದನ್ನು ನಾನು ಇನ್ನೂ ನೋಡಿರಲಿಲ್ಲ. ಕೊನೆಗೂ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಣ್ಣ ಬೇಗ ಬಂದ. ಕೈಯಲ್ಲಿ ಹೊಸ ರೀಡಿನ ಪೊಟ್ಟಣ. "ತಗಿ ಕ್ಲಾರ್ನೆಟ್ಟ. ಅವತ್ತು ಹೆಂಗ್ ಬಾರಿಸ್ದೋ ಹಂಗೇ ಊದು," ಅಂದ. ಹೊಸ ರೀಡು ಹಾಕಿ ಊದಿದೆ. ಕಣ್ಣು ಮುಚ್ಚಿ ಕೇಳಿದ. ಎರಡನೆಯ ಸಾಲಿಗೆ ಬಂದಾಗ ತಟ್ಟನೆ ಕೈ ಎತ್ತಿದ, ಥೇಟು ಅಪ್ಪನ ಹಾಗೆ.

"ಅಲ್ಲಿ ತಪ್ ಹಿಡ್ದಿದ್ದೀಯ. ಪಲ್ಲವಿನಲ್ಲೇ."

ಅವನು ಗಿಟಾರು ತೆಗೆದು ತೋರಿಸಿದ. ಹೌದು, ಒಂದು ಸ್ವರ ಕೆಳಗೆ ಹಿಡಿದಿದ್ದೆ. ನಾಲ್ಕು ಸಲ ಕೇಳಿಯೂ, ಮೊನ್ನೆ ಮೇಜಿನ ಮೇಲೆ ಮತ್ತೆ ಕೇಳಿಯೂ ನನ್ನ ಕಿವಿಗೆ ಬಿದ್ದಿರಲಿಲ್ಲ.

"ಮೂವತ್ತೈದು ವರ್ಸ ಮಂಡ್ಯಕ್ಕೆಲ್ಲ ತಪ್ಪನ್ನೇ ಕೇಳ್ಸಿದ್ದೀಯಲ್ಲೋ ಬಡ್ಡೀಮಗ್ನೆ," ಅಂದ. ನಕ್ಕನೋ ಇಲ್ಲವೋ ಹೇಳಲಾರೆ. ಆಮೇಲೆ ಅವನು ಗಿಟಾರಿನಲ್ಲಿ, ನಾನು ಕ್ಲಾರ್ನೆಟ್ಟಿನಲ್ಲಿ, ಸಂಜೆಯ ತನಕ ಅದನ್ನೊಂದನ್ನೇ ಬಾರಿಸಿದೆವು. ಪಲ್ಲವಿ ಸರಿಹೋಯಿತು. ಸುಧಾಳ ಮಗಳು ಬಾಗಿಲಲ್ಲಿ ನಿಂತು ಕೇಳಿ ಇಂಗ್ಲಿಷಿನಲ್ಲಿ ಏನೋ ಅಂದು ಓಡಿಹೋದಳು. ಇನ್ನೊಂದು ಸಲ ಬಾರಿಸಬೇಕಂತೆ.

ಹೊರಡುವ ದಿನ ಬೆಳಿಗ್ಗೆ ಕ್ಲಾರ್ನೆಟ್ ಪೆಟ್ಟಿಗೆಯನ್ನು ಅವನ ಗಿಟಾರಿನ ಪಕ್ಕ ಇಟ್ಟು ಬಂದೆ. ಅವನು ನೋಡಿ, ವ್ಯಾನಿನ ಕೀ ಎತ್ತಿಕೊಂಡ. ಮತ್ತೆ ಅದೇ ಸೇತುವೆ. ಈ ಕಡೆಯಿಂದ ಹೋಗುವವರಿಗೆ ಸುಂಕ ಉಂಟು, ಬರುವಾಗ ಇರಲಿಲ್ಲ. ಆ ದಿನ ಮಂಜು ಕವಿದು ನೀರು ಕಾಣಲಿಲ್ಲ. ನನ್ನ ಎದೆಯಲ್ಲಿ ಇನ್ನೂ ಎರಡು ಮಾತು ಉಳಿದಿದ್ದವು. ನಡೆದದ್ದನ್ನು ಹೇಳಿದ್ದೆ, ಆದರೆ ಪೂರ್ತಿ ಹೇಳಿರಲಿಲ್ಲ. ತಪ್ಪಾಯಿತು ಎಂಬ ಮಾತನ್ನಂತೂ ಆಡಿರಲೇ ಇಲ್ಲ. ನಮ್ಮ ಮನೆಯಲ್ಲಿ ಹಾಗೆ ಹೇಳುವ ರೂಢಿಯಿಲ್ಲ. ತಪ್ಪು ಮಾಡಿದವನು ಎರಡು ದಿನ ತಲೆ ತಗ್ಗಿಸಿ ಓಡಾಡುತ್ತಾನೆ, ಮೂರನೆಯ ದಿನ ಎಲ್ಲರೂ ಮರೆತವರಂತೆ ಇರುತ್ತಾರೆ. ಅಣ್ಣ ಆ ಎರಡು ದಿನವನ್ನು ನನಗೆ ಕೊಟ್ಟಿದ್ದ, ಮೂರನೆಯ ದಿನವನ್ನೂ ಕೊಟ್ಟಿದ್ದ. ಸುಮ್ಮನೆ ವಿಮಾನ ಹತ್ತಿದ್ದರೂ ನಡೆಯುತ್ತಿತ್ತು.

ಕಳಿಸಲು ಬಂದವರನ್ನೂ ಅಲ್ಲಿ ವಿಮಾನದ ಬಾಗಿಲಿನ ತನಕ ಬಿಡುತ್ತಿದ್ದರು. ಅಣ್ಣ ಬಂದು ನನ್ನ ಪಕ್ಕ ಕುರ್ಚಿಯಲ್ಲಿ ಕೂತ. ಗಾಜಿನ ಆಚೆ ಮಂಜು. ನನ್ನ ಸಾಲನ್ನು ಕರೆದರು. ನಾನು ಎದ್ದೆ, ನಾಲ್ಕು ಹೆಜ್ಜೆ ಹೋದೆ, ಹಿಂದಕ್ಕೆ ಬಂದೆ.

"ಕ್ಲಾರ್ನೆಟ್ ಕೊಡುವಾಗ ಅಪ್ಪ ಇನ್ನೊಂದು ಮಾತಂದ ಅಣ್ಣ," ಅಂದೆ. "ಜವರ ಇದ್ದಿದ್ರೆ ಇದ್ನ ಕೇಳ್ತಿದ್ದ ಕಣ್ಲಾ, ಅಂದ. ಕೇಳಿ ಕುಣೀತಿದ್ದ, ಅಂದ."

ಅಣ್ಣ ಎದ್ದು ನಿಂತ. ಅಪ್ಪನ ಮುಖ ಹೇಗಿತ್ತು ಎಂದು ಅವನು ಕೇಳಿದ್ದನಲ್ಲ, ಈಗ ಅವನದು ಹಾಗೇ ಇತ್ತು. ಹಿಂದಿನವರು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು. ನಾನು ಅವನ ಎರಡೂ ಕೈ ಹಿಡಿದು, ಸುತ್ತಲಿನವರಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ:

"ಧಾಟಿ ನಿಂದು, ಅಪ್ಪನ ಮಾತೂ ನಿಂದೇ. ಎರಡ್ನೂ ನಾನೇ ಇಟ್ಕೊಂಬುಟ್ಟೆ. ತಪ್ಪಾಯ್ತು ಅಣ್ಣ."